ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿರೋರು ಕುಡಿಯೋ ಮುಂಚೆ ಇದನ್ನ ಓದಿ

ಮೊದಲನೇ ಮಾತು, ಇವತ್ತು ಪಾರ್ಟಿ ಇದೆ ಅಂತ ಮಾತ್ರೆ ಬಿಡಬೇಡಿ. "ಎರಡೂ ಒಟ್ಟಿಗೆ ಬೇಡ, ಒಂದಿನ ಬಿಟ್ರೆ ಏನಾಗುತ್ತೆ" ಅಂತ ತುಂಬಾ ಜನ ಅಂದ್ಕೊಳ್ತಾರೆ, ಆದ್ರೆ ವಾರ್ಫರಿನ್ ಎಫೆಕ್ಟ್ ನಿಲ್ಲಿಸಿದ ಮೇಲೂ 2ರಿಂದ 5 ದಿನ ಇರುತ್ತೆ, ಹಾಗಾಗಿ ಬಿಟ್ಟ ರಾತ್ರಿ ಬ್ಲೀಡಿಂಗ್ ರಿಸ್ಕ್ ಏನೂ ಕಮ್ಮಿ ಆಗಲ್ಲ. ಅಪಿಕ್ಸಬಾನ್, ರಿವರೊಕ್ಸಬಾನ್ ಅನ್ನೋ ಹೊಸ ಮಾತ್ರೆಗಳಾದ್ರೆ ಉಲ್ಟಾ, ಒಂದು ದಿನದಲ್ಲೇ ಪವರ್ ಇಳಿದುಹೋಗುತ್ತೆ, ಕ್ಲಾಟ್ ಆಗಿ ಸ್ಟ್ರೋಕ್ ಹೊಡೆಯೋಕೆ ಅಷ್ಟು ಸಾಕು. ಮರೆತು ಬಿಟ್ಟೋಯ್ತು ಅಂತ ಮಾರನೇ ದಿನ ಡಬಲ್ ಡೋಸ್ ನುಂಗೋದೂ ಬೇಡ.

ಇನ್ನು ಎಷ್ಟು ಕುಡೀಬಹುದು? ನಿಮ್ಮ ಡಾಕ್ಟರ್ ಓಕೆ ಅಂದಿದ್ರೆ ದಿನಕ್ಕೆ ಒಂದು, ಹೆಚ್ಚಂದ್ರೆ ಎರಡು ಡ್ರಿಂಕ್, ಅದೂ ದಿನಾ ಅಲ್ಲ. 30 ಎಂಎಲ್ ವಿಸ್ಕಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತೆ, 330 ಎಂಎಲ್‌ನ 5% ಬಿಯರ್‌ನಲ್ಲಿ 13 ಗ್ರಾಂ, ಅಂದ್ರೆ ಬಿಯರ್ ಲೈಟು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ವಾರವೆಲ್ಲ ಸುಮ್ನಿದ್ದು ಒಂದೇ ರಾತ್ರಿ ಆರು ಪೆಗ್ ಹಾಕೋದು ಎಲ್ಲಕ್ಕಿಂತ ಡೇಂಜರ್. ಯಾಕಂದ್ರೆ ವಾರ್ಫರಿನ್‌ನ ಕರಗಿಸೋದು ಲಿವರ್ರೇ, ಒಂದೇ ಸಲ ಜಾಸ್ತಿ ಕುಡಿದ್ರೆ ಆ ಕೆಲಸ ನಿಧಾನ ಆಗಿ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸೋ ಟೆಸ್ಟ್ ನಂಬರ್ ಐಎನ್‌ಆರ್ ಮೇಲೇರುತ್ತೆ, ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯೋರಲ್ಲಿ ಲಿವರ್ ಮಾತ್ರೆನ ಬೇಗ ಕರಗಿಸಿ ಐಎನ್‌ಆರ್ ಕೆಳಗಿಳಿಯೋದೂ ಉಂಟು. ಎಷ್ಟೋ ಜನರಿಗೆ ಅದು 2ರಿಂದ 3ರ ಒಳಗೆ ಇರ್ಬೇಕು, ಅದಕ್ಕೇ ಕುಡಿಯೋ ವಿಷಯ ಡಾಕ್ಟರ್ ಹತ್ರ ಮುಚ್ಚಿಡಬೇಡಿ, ಎಷ್ಟು ಅಂತ ನಿಜ ಹೇಳಿ, ಡೋಸ್ ಸೆಟ್ ಮಾಡೋದು ಅದರ ಮೇಲೇ. ಹೊಸ ಮಾತ್ರೆಗಳಿಗೆ ಐಎನ್‌ಆರ್ ಟೆಸ್ಟ್ ಬೇಕಿಲ್ಲ ಅಂತ ಧೈರ್ಯ ತಗೋಬೇಡಿ, ಹೊಟ್ಟೆ ಒಳಗೆ ರಕ್ತ ಸೋರೋ ರಿಸ್ಕ್ ಅದ್ರಲ್ಲೂ ಇದೆ.

ಲಿವರ್ ತೊಂದರೆ, ಅಲ್ಸರ್, ಹಿಂದೆ ಬ್ಲೀಡಿಂಗ್ ಆಗಿದ್ದು, ಜೊತೆಗೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ನಡೀತಿದ್ರೆ ದಯವಿಟ್ಟು ಕುಡಿಯೋದನ್ನ ಪೂರ್ತಿ ಬಿಡಿ. ಬೆಳಿಗ್ಗೆ ತಲೆನೋವು ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ.

ಮಲ ಟಾರಿನ ಥರ ಕಪ್ಪಗಿದ್ರೆ, ಮೂತ್ರ ಕೆಂಪಗಿದ್ರೆ, ವಾಂತಿ ಕಾಫಿಪುಡಿ ಕಲಸಿದಂಗೆ ಬಂದ್ರೆ, ಒತ್ತಿ ಹಿಡಿದ್ರೂ ಮೂಗಿನ ರಕ್ತ 10 ನಿಮಿಷ ದಾಟಿದ್ರೆ ಬೆಳಗಾಗ್ಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ನನಗೆ ಎಲ್ಲಕ್ಕಿಂತ ಭಯ ಬೀಳೋದ್ರದ್ದು. ತಲೆಗೆ ಪೆಟ್ಟು ಬಿದ್ರೆ ಹೊರಗೆ ಗಾಯ ಇಲ್ದೇ ಇದ್ರೂ ಒಳಗೆ ರಕ್ತ ನಿಧಾನಕ್ಕೆ ಸೇರ್ಕೊಳ್ಳುತ್ತೆ, ಗಂಟೆಗಟ್ಟಲೆ ಆದ್ಮೇಲೆ ಮಾತು ತೊದಲುತ್ತೆ, ಮಂಪರು ಬರುತ್ತೆ, ಜೊತೆಲಿದ್ದೋರು ಕುಡಿದಿದ್ದು ಜಾಸ್ತಿ ಆಯ್ತು ಅಂತ ಮಲಗಿಸಿಬಿಡ್ತಾರೆ. ಆದ್ರಿಂದ ಕೂರೋ ಮುಂಚೆನೇ ಒಬ್ರಿಗಾದ್ರೂ ಹೇಳಿಡಿ, ನಾನು ಈ ಮಾತ್ರೆ ಮೇಲಿದೀನಿ, ತಲೆಗೆ ಏಟು ಬಿದ್ರೆ ಮಲಗಿಸಬೇಡಿ, ಎಮರ್ಜೆನ್ಸಿಗೆ ಕರ್ಕೊಂಡೋಗಿ ಅಂತ, ಮಾತ್ರೆ ಹೆಸರು ಡೋಸ್ ಬರೆದ ಚೀಟಿ ಪರ್ಸಲ್ಲೇ ಇರ್ಲಿ.