ಮೊದಲ ಕಾರ್ಡ್ ಕೈಬದಲಾಗುವ ತನಕ

ಮಾತು ಬಾರದ ಆಟಿಸಂ ಮಗುವಿಗೆ ಚಿತ್ರದ ಕಾರ್ಡ್ ಕೊಟ್ಟರೆ ಇನ್ನು ಮಾತೇ ಬರಲಿಕ್ಕಿಲ್ಲ ಅಂತ ಮನೆಯ ಹಿರಿಯರು ಹೆದರಿದ್ದರು, ಕೆಲವು ಥೆರಪಿಸ್ಟ್‌ಗಳೂ ತಲೆ ಅಲ್ಲಾಡಿಸಿದ್ದರು. ಈಗ ನಮ್ಮ ಸೆಂಟರ್‌ನಲ್ಲಿ ಕಾರ್ಡ್‌ನಿಂದ ಶುರುಮಾಡಿದ ಹಲವು ಮಕ್ಕಳು ಕಾರ್ಡ್ ಕೊಡುತ್ತಲೇ ‘ನೀ’ (ನೀರು), ‘ಚಕ್ಕಿ’ (ಚಕ್ಕುಲಿ) ಅನ್ನುತ್ತಾರೆ. ಮಾತು ಬಾರದವರೂ ಕಿರುಚಿ ಕೇಳುವುದನ್ನು ಬಹುಪಾಲು ಬಿಟ್ಟಿದ್ದಾರೆ. ಬೇಕಾದ್ದರ ಚಿತ್ರವನ್ನು ಎದುರಿನವರ ಕೈಗೆ ಕೊಟ್ಟು ಕೇಳಲು ಕಲಿಸುವ ಈ ಪದ್ಧತಿ, ಪೆಕ್ಸ್, 1985ರಿಂದ ಇದೆ, ಅದಕ್ಕೆ ಆರು ಹಂತ. ಕೆಡುವುದು ಮೊದಲನೆಯದರಲ್ಲಿ, ಮಗು ಕಾರ್ಡ್ ಕೊಡಲು ಕಲಿಯುವಾಗ.

ಇಬ್ಬರು ದೊಡ್ಡವರು ಬೇಕೇ ಬೇಕು. ಎದುರಿನವರು ತಿಂಡಿ ಹಿಡಿದು ಬಾಯಿ ಮುಚ್ಚಿಕೊಂಡಿರಬೇಕು. ಹಿಂದೆ ಕೂತವರು, ಮಗು ತಿಂಡಿಗೆ ಕೈಚಾಚಿದ ಮೇಲಷ್ಟೇ, ಆ ಕೈಯಿಂದ ಕಾರ್ಡ್ ಎತ್ತಿಸಿ ಎದುರಿನ ಅಂಗೈಗೆ ಬಿಡಿಸಬೇಕು. ಬಿದ್ದ ಕೂಡಲೇ ತಿಂಡಿ, ಜೊತೆಗೆ ಅದರ ಹೆಸರು. ‘ಏನು ಬೇಕು?’ ಅಂದಿರೋ, ಮಗು ಪ್ರಶ್ನೆಗೆ ಕಾಯುವುದನ್ನು ಕಲಿಯುತ್ತದೆ. ಎಕೋಲಾಲಿಯಾ (ಕೇಳಿದ ಮಾತನ್ನೇ ಮರುನುಡಿಯುವುದು) ಇದ್ದರಂತೂ ಹಸಿದಾಗ ‘ಏನು ಬೇಕು?’ ಅಂತ ಅದೇ ಕೇಳುತ್ತದೆ! ಅಂಗೈಯನ್ನು ಮೊದಲೇ ಚಾಚಿ ಕೂತರೂ ಇದೇ ಫಲ. ಅಮ್ಮನ ಮುಖ ನೋಡದೆ ಕೈ ಹಿಡಿದು ಡಬ್ಬಿಯತ್ತ ಎಳೆಯುವ ಮಗುವಿಗೆ ಎದುರಿಗೊಬ್ಬರಿದ್ದಾರೆ ಎನ್ನುವುದೇ ಹೊಸ ಪಾಠ, ಅವಸರಪಡಬೇಡಿ. ಹಿಂದಿನವರು ಕೈ ಬಿಡುತ್ತ ಬರಬೇಕಾದ್ದು ಕೊನೆಯ ಹೆಜ್ಜೆಯಿಂದ, ಅಂದರೆ ಅಂಗೈಗೆ ಬಿಡಿಸುವುದರಿಂದ, ಹಿಂದಕ್ಕೆ. ಎಷ್ಟು ಬೇಗ ಬಿಡಬೇಕು ಅನ್ನುವ ಗುಟ್ಟು ಪಕ್ಕದಲ್ಲಿ ಕೂತು ನೋಡಿದವರಿಗೇ ಸಿಗುವುದು, ಬರೆದು ತಿಳಿಸಲಾರೆ.

ಚಕ್ಕುಲಿ ತುಂಡು ಕಿರುಬೆರಳ ಉಗುರಿನಷ್ಟಿರಲಿ. ಇಡೀ ಬಿಸ್ಕತ್ ಕೊಟ್ಟರೆ ನಾಲ್ಕನೇ ಸಲಕ್ಕೆ ಹೊಟ್ಟೆ ತುಂಬಿರುತ್ತದೆ.

ಕಾರ್ಡ್ ಮಾಡುವ ಖರ್ಚು: ಲ್ಯಾಮಿನೇಟರ್ ಎರಡೂವರೆ ಸಾವಿರದ ಆಸುಪಾಸು, ನೂರು ಪ್ಲಾಸ್ಟಿಕ್ ಪೌಚಿಗೆ ಐನೂರು ಚಿಲ್ಲರೆ. ಹೊಳೆಯುವ ಪೌಚ್ ಬೇಡ. ಟ್ಯೂಬ್‌ಲೈಟಿಗೆ ಓರೆ ಹಿಡಿದು ಬೆಳಕು ನೋಡುವುದರಲ್ಲೇ ಕೆಲವು ಮಕ್ಕಳು ಮುಳುಗುತ್ತಾರೆ, ಮ್ಯಾಟ್ ತಗೊಳ್ಳಿ. ಕತ್ತರಿಸುವಾಗ ಚಿತ್ರದ ಸುತ್ತ 3 ಮಿ.ಮೀ. ಅಂಚು ಬಿಡಿ, ಇಲ್ಲವಾದರೆ ಜೊಲ್ಲು ಒಳಗಿಳಿದು ಪದರ ಬಿಚ್ಚುತ್ತದೆ. ವೆಲ್ಕ್ರೋದ ಮೆತ್ತನೆ ಬದಿ ಕಾರ್ಡಿಗೋ ಕಾರ್ಡ್ ಅಂಟಿಸಿಡುವ ಪುಸ್ತಕಕ್ಕೋ, ಮನೆ ಮತ್ತು ಸೆಂಟರ್ ಎರಡೂ ಕಡೆ ಒಂದೇ ಇರಲಿ. ಅದರ ಪರ್ರ್ ಸದ್ದಿಗೆ ಕಿವಿ ಮುಚ್ಚುವ ಮಗುವಿಗೆ ಉದ್ದ ಪಟ್ಟಿಯ ಬದಲು ಪುಟ್ಟ ಚುಕ್ಕಿ ಸಾಕು. ವೆಲ್ಕ್ರೋ ಬದಲು ಆಯಸ್ಕಾಂತವನ್ನೂ ನೋಡಿ ಕೈಬಿಟ್ಟೆವು. ಕಾರ್ಡ್ ಕಚ್ಚುವ ಮಗು ಎರಡು ಆಯಸ್ಕಾಂತ ನುಂಗಿದರೆ ಕರುಳಿಗೇ ಕುತ್ತು.

ಚಿತ್ರ ನೋಡಿ ಆರಿಸುವುದನ್ನು ಕಲಿಸಲು ಎರಡು ಕಾರ್ಡ್ ಇಡುವ ಹಂತದಲ್ಲಿ ಚಕ್ಕುಲಿಯ ಜೊತೆಗೆ ಮಗುವಿಗೆ ಬೇಡವಾದ ಕಾಲ್ಚೀಲದ ಚಿತ್ರ ಇಡಿ. ಕಾಲ್ಚೀಲದ ಕಾರ್ಡ್ ಕೊಟ್ಟರೆ ಕಾಲ್ಚೀಲವನ್ನೇ ಕೊಡಿ.