ಸೋಲೋ ಮೊದಲು ಬಾಯಿಗೆ ಬರಲಿ: 'ಮಷೀನ್ ಹೆಡ್' ನುಡಿಸಲು ಕಲಿತ ನನ್ನ ಅನುಭವ

ಬೆಂಗಳೂರಿನ ಹಳೇ ರಾಕ್ ಅಭಿಮಾನಿಗಳನ್ನು ಗುರುತಿಸುವುದು ಸುಲಭ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ 'ಹೈವೇ ಸ್ಟಾರ್' ಹಾಕಿ ಸುಮ್ನೆ ನೋಡುತ್ತಿರಿ. ಹಾಡಿನ ಸಾಲುಗಳು ಎಷ್ಟೋ ಜನಕ್ಕೆ ಅರ್ಧಂಬರ್ಧ ಗೊತ್ತು. ಆದರೆ ಗಿಟಾರ್ ಸೋಲೋ, ಅಂದರೆ ಹಾಡು ನಿಂತು ಗಿಟಾರ್ ಮುಂದೆ ಬರುವ ಭಾಗ, ಬಂತೆಂದರೆ ಒಂದು ಸ್ವರವೂ ತಪ್ಪದೆ ಬಾಯಲ್ಲಿ ಹೇಳುತ್ತಾರೆ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್‌ನಲ್ಲಿ ತಲೆ ನರೆತವರೂ ಕಾಲೇಜು ಹುಡುಗರೂ ಒಟ್ಟಿಗೆ ಕೂತು ಹೀಗೆ ಸೋಲೋ 'ಹಾಡುವುದನ್ನು' ನಾನು ನೋಡಿದ್ದೇನೆ. ಆ ಹುಡುಗರಲ್ಲಿ ಕೆಲವರ ಅಪ್ಪಂದಿರೂ ಹುಟ್ಟಿರಲಿಲ್ಲ, ಈ ಹಾಡಿರುವ ಆಲ್ಬಂ ಬಂದಾಗ. ಡೀಪ್ ಪರ್ಪಲ್‌ನ 'ಮಷೀನ್ ಹೆಡ್', 1972ರ ಮಾರ್ಚ್.

ಇದಕ್ಕೆ ಇಷ್ಟು ಆಯಸ್ಸು ಹೇಗೆ ಬಂತು ಅಂತ ಕೇಳಿದರೆ ನನ್ನ ಉತ್ತರ ಒಂದೇ. ಇದರ ಗಿಟಾರನ್ನು ಬಾಯಲ್ಲಿ ಹಾಡಬಹುದು. ಆಲ್ಬಮ್ಮನ್ನು ಪೂರ್ತಿ, ಮೊದಲ ಹಾಡಿನಿಂದ ಏಳನೆಯದರವರೆಗೆ, ಗೆಳೆಯರ ಜೊತೆ ನುಡಿಸಲು ಕಲಿಯುವಾಗ ಇದು ನನಗೆ ಹೊಳೆಯಿತು. ಸಂಗೀತ ಹೇಳಿಕೊಡುವ ನನ್ನ ಅಮ್ಮನಿಂದ ಹೊಳೆಯಿತು ಅನ್ನಬೇಕು.

ಅಮ್ಮ ತ್ಯಾಗರಾಜನಗರದ ಮನೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಟ್ಟವರು. ನನಗೂ ಗೀತೆ, ವರ್ಣದವರೆಗೆ ಆಯಿತು. ಆಮೇಲೆ ಗಿಟಾರ್ ಹುಚ್ಚು ಹತ್ತಿತು. ಒಂದು ಸಂಜೆ ನಾನು ಸ್ಪೀಕರ್‌ನಲ್ಲಿ 'ಹೈವೇ ಸ್ಟಾರ್' ಸೋಲೋವನ್ನೇ ಮತ್ತೆ ಮತ್ತೆ ಹಾಕುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಕೇಳಿದರು: "ಪ್ರತಿ ಸಲವೂ ಅದನ್ನೇ ನುಡಿಸ್ತಾರೇನೋ ಅವರು?"

"ರೆಕಾರ್ಡು ಕಣಮ್ಮ, ಇನ್ನೇನು ಬೇರೆ ನುಡಿಸ್ತಾರೆ?"

"ಅದಲ್ಲ. ಇದು ಆಗಿಂದಾಗ್ಗೆ ಕಲ್ಪಿಸಿದ ಹಾಗಿಲ್ಲ. ಚಿಟ್ಟೆಸ್ವರದ ಥರ ಕಟ್ಟಿಟ್ಟ ಹಾಗಿದೆ."

ಅಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ಬ್ಯಾಂಡಿನ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಸಾಮಾನ್ಯವಾಗಿ ಸೋಲೋಗಳನ್ನು ಆ ಹೊತ್ತಿಗೆ ತೋಚಿದಂತೆ ನುಡಿಸುವವರು. ಆದರೆ ಈ ಒಂದನ್ನು ರೆಕಾರ್ಡಿಂಗಿಗೆ ಮುಂಚೆಯೇ ಸ್ವರ ಸ್ವರವಾಗಿ ಕಟ್ಟಿಕೊಂಡಿದ್ದೆ, ಹಾಗೆ ಮಾಡಿದ್ದು ತೀರಾ ಅಪರೂಪ ಅಂತ ಅವರೇ ಹೇಳಿದ್ದಾರೆ. ಅದರ ಕಾರ್ಡುಗಳ (ಒಟ್ಟಿಗೆ ನುಡಿಯುವ ಸ್ವರಗುಂಪುಗಳ) ಸಾಲು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಕ್‌ನ ಸಂಗೀತದಿಂದ ಬಂದದ್ದು ಅಂತಲೂ ಹೇಳಿದ್ದಾರೆ. ಚಿಟ್ಟೆಸ್ವರವನ್ನು ಯಾರು ಹಾಡಿದರೂ ಅದೇ ಸ್ವರ, ಅದೇ ಜಾಗ. ಕೇಳುವವರೂ ಮನಸ್ಸಿನಲ್ಲಿ ಜೊತೆಗೂಡುತ್ತಾರೆ, ಅಲ್ವಾ? ಈ ಸೋಲೋವೂ ಹಾಗೆ. ಅದು ಹಾಡಿನ ನಡುವೆ ಕೂತ ಇನ್ನೊಂದು ಹಾಡು.

ಅಲ್ಲಿಂದ ನನ್ನ ಕಲಿಯುವ ರೀತಿ ತಿರುಗಿತು. ನಮ್ಮಲ್ಲಿ ವೀಣೆ ಕಲಿಯುವವರಿಗೆ ಮೊದಲು ಹಾಡಲು ಹೇಳುತ್ತಾರೆ. ಬಾಯಿಗೆ ಬಂದದ್ದು ಕೈಗೆ ಬರುತ್ತದೆ ಅನ್ನುವ ಲೆಕ್ಕ. ಗಿಟಾರ್ ಕಲಿಯುವ ಈಗಿನ ಹುಡುಗರು ಉಲ್ಟಾ ಹೋಗುತ್ತಾರೆ. ಮೊಬೈಲಿನಲ್ಲಿ ಟ್ಯಾಬ್ ತೆಗೆದು, ಯಾವ ತಂತಿ, ಎಷ್ಟನೇ ಫ್ರೆಟ್ ಅಂತ ಅಂಕಿ ನೋಡಿ ಬೆರಳಿಡುತ್ತಾರೆ. ಬೆರಳಿಗೆ ಗೊತ್ತಾಗುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ನಡುವೆ ಒಂದು ಸ್ವರ ಜಾರಿದರೆ ಮತ್ತೆ ಮೊದಲಿನಿಂದಲೇ ಶುರು ಮಾಡಬೇಕು. ನನಗೆ ಟ್ಯಾಬ್ ಮೇಲೆ ದ್ವೇಷ ಇಲ್ಲ. ಅನುಮಾನ ಬಂದ ಜಾಗದಲ್ಲಿ ನಾನೂ ನೋಡುತ್ತೇನೆ. ಆದರೆ ಅದು ಎರಡನೇ ಹೆಜ್ಜೆ.

ಮೊದಲ ಹೆಜ್ಜೆ ನಡೆದದ್ದು ಮೆಟ್ರೋದಲ್ಲಿ. ನನ್ನ ಆಫೀಸು ವೈಟ್‌ಫೀಲ್ಡ್ ಕಡೆ. ವಿಜಯನಗರದಲ್ಲಿ ಹತ್ತಿದರೆ ಇಳಿಯುವ ಹೊತ್ತಿಗೆ ಆಲ್ಬಂ ಮುಗಿದು ಮತ್ತೆ ಶುರುವಾಗಿರುತ್ತದೆ. ಪೂರ್ತಿ ಆಲ್ಬಂ ಇರುವುದೇ 37 ನಿಮಿಷದ ಆಸುಪಾಸು. (ನೇರಳೆ ಮಾರ್ಗದಲ್ಲಿ ಡೀಪ್ ಪರ್ಪಲ್ ಕೇಳುವ ತಮಾಷೆಯನ್ನು ಗೆಳೆಯರೆಲ್ಲ ಮಾಡಿ ಮುಗಿಸಿದ್ದಾರೆ. ದಯವಿಟ್ಟು ನೀವು ಮಾಡಬೇಡಿ.) ಇಯರ್‌ಫೋನ್ ಹಾಕಿ, ತುಟಿ ಮುಚ್ಚಿಕೊಂಡೇ ಗಂಟಲಲ್ಲಿ ಸೋಲೋ ಹೇಳಿಕೊಳ್ಳುವುದು, ತೊಡೆಯ ಮೇಲೆ ತಾಳ ಹಾಕುವುದು. ಪಕ್ಕದವರು ಒಮ್ಮೆ ನೋಡಿ ಮುಖ ತಿರುಗಿಸುತ್ತಾರೆ, ಅಷ್ಟೇ. ಬೆಂಗಳೂರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಇಡೀ ಸೋಲೋ ರೆಕಾರ್ಡ್ ಇಲ್ಲದೆ ಹಾಡಲು ಬಂದ ಮೇಲೆಯೇ ಗಿಟಾರ್ ಕೈಗೆತ್ತಿಕೊಂಡೆ. ಆಮೇಲಿನದು ಅಮ್ಮನ ಹಳೇ ಪಾಠದ ಕ್ರಮ: ಒಂದನೇ ಕಾಲ, ಎರಡನೇ ಕಾಲ. ಹಾಡಿನ ವೇಗ ನಿಮಿಷಕ್ಕೆ 170 ಪೆಟ್ಟಿನ ಹತ್ತಿರ. ಮೆಟ್ರೋನೋಮ್‌ನಲ್ಲಿ ಅದರ ಅರ್ಧಕ್ಕೆ ಇಟ್ಟು ನುಡಿಸಿದೆ. ವೇಗದ ಭಾಗದಲ್ಲಿ ಒಂದೊಂದು ಪೆಟ್ಟಿಗೆ ನಾಲ್ಕು ಸ್ವರ ಬೀಳುತ್ತವೆ. ಅಲ್ಲಿ ಎಡಗೈಗಿಂತ ಬಲಗೈ ಬೇಗ ಸೋಲುತ್ತದೆ. ತಂತಿ ಮೀಟುವ ಪಿಕ್ ಮೇಲೆ ಕೆಳಗೆ ಸಮವಾಗಿ ಹೋಗಬೇಕು, ಮಣಿಕಟ್ಟು ಬಿಗಿಯಬಾರದು. ಬಿಗಿಯುತ್ತಿದೆ ಅನ್ನಿಸಿದ ತಕ್ಷಣ ನಿಲ್ಲಿಸುತ್ತಿದ್ದೆ. ನಿಲ್ಲಿಸಿ, ಆ ಭಾಗವನ್ನು ಮತ್ತೆ ಬಾಯಲ್ಲಿ ಹೇಳುತ್ತಿದ್ದೆ. ಇನ್ನೊಂದು ವಿಷಯ: ಆಲ್ಬಮ್ಮಿನಲ್ಲಿ ಸೋಲೋದ ಒಂದಷ್ಟು ಭಾಗಕ್ಕೆ ಎರಡು ಗಿಟಾರ್ ಇವೆ, ಬ್ಲ್ಯಾಕ್‌ಮೋರೇ ತಮ್ಮ ಮೇಲೆ ತಾವು ನುಡಿಸಿ ಸೇರಿಸಿದ್ದು. ಒಬ್ಬರೇ ನುಡಿಸುವಾಗ ಯಾವುದನ್ನು ಹಿಡಿಯುವುದು? ನಾನು ಬಾಯಿಗೆ ಸಿಗುವುದನ್ನೇ ಹಿಡಿದೆ. ಜನ ಹಾಡುವುದೂ ಅದನ್ನೇ.

ಇನ್ನು 'ಸ್ಮೋಕ್ ಆನ್ ದ ವಾಟರ್'. ವಾದ್ಯದ ಅಂಗಡಿಯಲ್ಲಿ ಯಾರು ಗಿಟಾರ್ ಎತ್ತಿಕೊಂಡರೂ ಮೊದಲು ಬರುವ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕು) ಅದು. ಅಂಗಡಿಯವರಿಗೆ ಸಾಕುಸಾಕಾಗಿ ಹೋಗಿದೆ ಪಾಪ. ನಾಲ್ಕೇ ಸ್ವರಸ್ಥಾನಗಳ ಮೇಲೆ ಓಡಾಡುವ ರಿಫ್, ಆದರೆ ಒಂದು ಸಲಕ್ಕೆ ಎರಡು ತಂತಿ. ಎರಡರ ನಡುವೆ ಯಾವಾಗಲೂ ಸ-ಮ ಅಂತರ. ಹೆಚ್ಚಿನವರು ಇದನ್ನು ಪಿಕ್ ಹಿಡಿದು ಬಾರಿಸುತ್ತಾರೆ. ಆಗ ಒಂದು ತಂತಿ ಮೊದಲು, ಇನ್ನೊಂದು ಚೂರು ಆಮೇಲೆ. ಬ್ಲ್ಯಾಕ್‌ಮೋರ್ ಬೆರಳಿನಿಂದ ಎರಡನ್ನೂ ಒಟ್ಟಿಗೆ ಮೀಟುತ್ತಾರೆ. ವೀಣೆ ಮೀಟು ನೋಡುತ್ತಾ ಬೆಳೆದವರಿಗೆ ಈ ವ್ಯತ್ಯಾಸ ಕಿವಿಗೆ ತಕ್ಷಣ ಸಿಗುತ್ತದೆ. ಬೆರಳಿಗೆ ಬದಲಾಯಿಸಿ ನೋಡಿ, ಅದೇ ಸಾದಾ ಗಿಟಾರಿನಿಂದ ಬೇರೆಯೇ ನಾದ ಬರುತ್ತದೆ.

ಈ ಹಾಡಿನ ಕಥೆ ಅಭಿಮಾನಿಗಳಿಗೆಲ್ಲ ಬಾಯಿಪಾಠ. 1971ರ ಡಿಸೆಂಬರ್. ಬ್ಯಾಂಡಿನವರು ಸ್ವಿಟ್ಜರ್ಲೆಂಡಿನ ಮೊಂಟ್ರೊ ಊರಿಗೆ, ಅಲ್ಲಿನ ಕ್ಯಾಸಿನೊದಲ್ಲಿ ರೆಕಾರ್ಡ್ ಮಾಡಲು ಹೋಗಿದ್ದರು. ಡಿಸೆಂಬರ್ 4ರಂದು ಅಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಕಾರ್ಯಕ್ರಮ. ಪ್ರೇಕ್ಷಕರಲ್ಲಿ ಯಾರೋ ಫ್ಲೇರ್ ಗನ್ (ಬೆಂಕಿಯ ಸಂಕೇತ ಹಾರಿಸುವ ಪಿಸ್ತೂಲು) ಹಾರಿಸಿ ಕಟ್ಟಡಕ್ಕೇ ಬೆಂಕಿ ಬಿತ್ತು. ಸರೋವರದ ಮೇಲೆ ಹೊಗೆ ಹಬ್ಬಿತು. ಹಾಡು ಅದರ ವರದಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆಮೇಲೆ 'ಪೆವಿಲಿಯನ್' ಅನ್ನುವ ಇನ್ನೊಂದು ಜಾಗ ಸಿಕ್ಕಿತು. ಈ ರಿಫ್ ರೆಕಾರ್ಡ್ ಆದದ್ದು ಅಲ್ಲೇ. ಅಷ್ಟರಲ್ಲಿ ಅಕ್ಕಪಕ್ಕದವರ ನಿದ್ದೆ ಕೆಟ್ಟು ಪೊಲೀಸರು ಬಂದರು. ಕೊನೆಗೆ ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ ಉಳಿದದ್ದನ್ನು ಮುಗಿಸಿದರು. ರೆಕಾರ್ಡಿಂಗ್ ಯಂತ್ರಗಳಿದ್ದದ್ದು ಹೊರಗೆ ನಿಂತ ರೋಲಿಂಗ್ ಸ್ಟೋನ್ಸ್‌ನವರ ಮೊಬೈಲ್ ಸ್ಟುಡಿಯೋ ಲಾರಿಯಲ್ಲಿ. ಅಲ್ಲಿಗೆ ಹೋಗಲು ರೂಮು, ಬಾಲ್ಕನಿ ಎಲ್ಲ ದಾಟಬೇಕಿತ್ತು. ಹೋಗಿ ಹೋಗಿ ಬೇಸತ್ತು, ನುಡಿಸಿದ್ದನ್ನು ಕೇಳಿ ನೋಡುವುದನ್ನೇ ಬಿಟ್ಟರಂತೆ. ಎಂಜಿನಿಯರ್ ಮಾರ್ಟಿನ್ ಬರ್ಚ್ ಸರಿ ಅಂದರೆ ಸರಿ. ನನ್ನ ಪ್ರಕಾರ ಆಲ್ಬಮ್ಮಿಗೆ ಇದರಿಂದ ಲಾಭವೇ ಆಯಿತು. ಕೇಳಿ ತಿದ್ದಲು ಕೂತಿದ್ದರೆ ಅರ್ಧ ಜೀವ ಹೋಗುತ್ತಿತ್ತು.

ಅಕ್ಕಪಕ್ಕದವರ ಕಾಟ ನಮಗೂ ಇತ್ತು, ಹೇಳಬೇಕಾ? ಡ್ರಮ್ಸ್ ಮನೆಯಲ್ಲಿ ಸಾಧ್ಯವೇ ಇಲ್ಲ. ಬ್ಯಾಂಡ್‌ಗಳು ಅಭ್ಯಾಸ ಮಾಡುವ ಜಾಮ್ ರೂಮ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಆದರೆ ಭಾನುವಾರ ಐದು ಜನ ಐದು ಮೂಲೆಯಿಂದ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಅರ್ಧ ಗಂಟೆ ಬಾಡಿಗೆ ಹೋಗಿರುತ್ತದೆ. ಹಾಗಾಗಿ ಒಂದು ನಿಯಮ ಮಾಡಿಕೊಂಡೆವು. ತನ್ನ ಭಾಗವನ್ನು ಬಾಯಲ್ಲಿ ಹೇಳಲು ಬಾರದವರು ರೂಮಿಗೆ ಬರುವಂತಿಲ್ಲ. ಡ್ರಮ್ಸ್ ನುಡಿಸುವ ಗೆಳೆಯ ಮೊದಲು ನಕ್ಕ. ಆಮೇಲೆ ಡೀಪ್ ಪರ್ಪಲ್‌ನ ಡ್ರಮ್ಮರ್ ಇಯನ್ ಪೇಸ್‌ನ ಪೆಟ್ಟುಗಳನ್ನು ಕೊನ್ನಕೋಲಿನ ಥರ ಹೇಳಿ ತೋರಿಸಿದ. ನಾವೆಲ್ಲ ಬಾಯಿ ಮುಚ್ಚಿಕೊಂಡೆವು.

ನಮಗೆ ಜಾಸ್ತಿ ತಲೆಬಿಸಿ ಕೊಟ್ಟದ್ದು ಆರ್ಗನ್. ಇದನ್ನು ಗಿಟಾರ್ ಆಲ್ಬಂ ಅಂತ ಕರೆಯುತ್ತೇವೆ. ಆದರೆ ಗಿಟಾರ್ ಅಂತ ನಾವು ಕೇಳುವ ಆ ದಪ್ಪ ಸದ್ದಿನಲ್ಲಿ ಆರ್ಗನ್ ನುಡಿಸಿದ ಜಾನ್ ಲಾರ್ಡ್‌ರ ಪಾಲು ದೊಡ್ಡದು. ಅವರು ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್‌ಗೆ ಹಾಕಿ ಒರಟು ಮಾಡಿದರು. 'ಸ್ಮೋಕ್ ಆನ್ ದ ವಾಟರ್' ಶುರುವನ್ನು ಗಮನವಿಟ್ಟು ಕೇಳಿ. ಮೊದಲು ಗಿಟಾರ್ ಒಂದೇ. ಆಮೇಲೆ ಡ್ರಮ್ಸ್‌ನ ಹೈ-ಹ್ಯಾಟ್ (ಜೋಡಿ ತಾಳ), ಅದರ ಜೊತೆ ಒರಟು ಆರ್ಗನ್ ಅದೇ ರಿಫ್ ಹಿಡಿಯುತ್ತದೆ. ಆಮೇಲೆ ಪೂರ್ತಿ ಡ್ರಮ್ಸ್, ಕೊನೆಗೆ ಬೇಸ್. ಬೇಸ್ ಬಂದ ಮೇಲೆಯೇ ಗಾಯಕ ಇಯನ್ ಗಿಲ್ಲನ್ ಬಾಯಿ ತೆಗೆಯುವುದು. ಒಬ್ಬೊಬ್ಬರೇ ಬಂದು ಪಂಕ್ತಿಗೆ ಕೂತ ಹಾಗೆ.

ನಮ್ಮ ಹತ್ತಿರ ಹ್ಯಾಮಂಡ್ ಎಲ್ಲಿಂದ ಬರಬೇಕು? ಅದು ಮನೆಯ ಬೀರು ಗಾತ್ರದ ವಾದ್ಯ. ಇದ್ದದ್ದು ಗೆಳತಿಯ ಕ್ಯಾಸಿಯೋ ಕೀಬೋರ್ಡ್. ಅದರ ಆರ್ಗನ್ ಸದ್ದು ಇದ್ದ ಹಾಗೇ ಕೇಳಿದರೆ ಆರ್ಕೆಸ್ಟ್ರಾದಲ್ಲಿ ಭಕ್ತಿಗೀತೆಗೆ ಮುಂಚೆ ಬರುವ ಸದ್ದು. ಎಸ್.ಪಿ. ರೋಡ್‌ನಲ್ಲಿ ಸರಿಯಾದ ಜ್ಯಾಕ್ ಹುಡುಕಿ ಕೇಬಲ್ ಮಾಡಿಸಿದೆವು. ಕೀಬೋರ್ಡನ್ನು ಸದ್ದನ್ನು ಒರಟು ಮಾಡುವ ನನ್ನ ಗಿಟಾರಿನ ಡಿಸ್ಟಾರ್ಷನ್ ಪೆಡಲ್‌ಗೆ, ಅಲ್ಲಿಂದ ಗಿಟಾರ್ ಆಂಪ್‌ಗೆ ಕೊಟ್ಟೆವು. ಪೆಡಲ್‌ನ ಗೇನ್ (ಒರಟುತನದ ಪ್ರಮಾಣ) ಕಮ್ಮಿ ಇಟ್ಟರೆ ಸಾಕು. ಜಾಸ್ತಿ ಮಾಡಿದರೆ ಒಟ್ಟಿಗೆ ಒತ್ತಿದ ಸ್ವರಗಳೆಲ್ಲ ಕಲಸಿ ಹೋಗುತ್ತವೆ. ಎರಡೆರಡೇ ಸ್ವರ ಒತ್ತಿದಾಗ ಮಾತ್ರ ಗಟ್ಟಿಯಾಗಿ, ಬಿಡಿಬಿಡಿಯಾಗಿ ಕೇಳುತ್ತದೆ. ಇದು ಕೂಡಿ ಬಂದ ದಿನ ನನ್ನ ಗಿಟಾರಿನ ಗೇನ್ ಅರ್ಧಕ್ಕೆ ಇಳಿಸಿದೆ. ಆಗಲೇ ಅದು ರೆಕಾರ್ಡಿನ ಹತ್ತಿರಕ್ಕೆ ಬಂದದ್ದು. ಒಬ್ಬರೇ ಮನೆಯಲ್ಲಿ ಕೂತು 'ಆ ಟೋನ್ ಬರ್ತಿಲ್ಲ ಗುರು' ಅಂತ ಪೆಡಲ್ ಮೇಲೆ ಪೆಡಲ್ ಕೊಳ್ಳುವವರಿಗೆ ನಾನು ಇದನ್ನೇ ಹೇಳುವುದು. ನೀವು ಹುಡುಕುತ್ತಿರುವ ಟೋನಿನಲ್ಲಿ ಅರ್ಧ ಗಿಟಾರೇ ಅಲ್ಲ.

ಎಲ್ಲ ಹಾಡುಗಳೂ ಒಂದೇ ಮಟ್ಟದಲ್ಲಿಲ್ಲ. 'ನೆವರ್ ಬಿಫೋರ್' ಹಿಟ್ ಆಗುತ್ತದೆ ಅಂತ ಬ್ಯಾಂಡಿನವರು ನಂಬಿ ಅದನ್ನು ಸಿಂಗಲ್ ಮಾಡಿದರು. ಇವತ್ತು ಅದನ್ನು ನುಡಿಸಿ ಅಂತ ಯಾರೂ ಕೂಗುವುದಿಲ್ಲ. ನಾವೂ ಬೇಗ ನುಡಿಸಿ ಮುಂದೆ ಹೋಗುತ್ತೇವೆ. 'ಸ್ಪೇಸ್ ಟ್ರಕಿನ್'' ಸಾಹಿತ್ಯ ಮಕ್ಕಳಾಟ. ಆದರೆ ರಿಫ್ ಬಂದಾಗ ಯಾರೂ ಸಾಹಿತ್ಯ ಕೇಳುವುದಿಲ್ಲ. 'ಪಿಕ್ಚರ್ಸ್ ಆಫ್ ಹೋಮ್' ಮಾತ್ರ ನನ್ನ ಪ್ರಕಾರ ಜನ ಸುಮ್ನೆ ದಾಟಿಸಿಬಿಡುವ ಚಿನ್ನ. ಅದರಲ್ಲಿ ರೋಜರ್ ಗ್ಲೋವರ್‌ರ ಬೇಸ್ ಸೋಲೋ ಇದೆ. ನಮ್ಮ ಬೇಸ್ ಹುಡುಗ ಬ್ಯಾಂಡಿಗೆ ಸೇರಿದ್ದೇ ಆ ಕಾರಣಕ್ಕೆ.

'ಲೇಜಿ' ಬೇರೆ ಲೋಕ. ಏಳು ನಿಮಿಷಕ್ಕೂ ಉದ್ದ, ಆರ್ಗನ್ನಿನ ಆಲಾಪನೆಯಿಂದಲೇ ಶುರು. ಇಲ್ಲಿ ಚಿಟ್ಟೆಸ್ವರ ಇಲ್ಲ, ಮನೋಧರ್ಮ. ಇದನ್ನು ಸ್ವರಕ್ಕೆ ಸ್ವರ ನಕಲು ಮಾಡುವುದರಲ್ಲಿ ಅರ್ಥವಿಲ್ಲ ಅಂತ ನನ್ನ ವಾದ. ಗೆಳತಿ ಒಪ್ಪುವುದಿಲ್ಲ. ಆರ್ಗನ್ ಶುರುವನ್ನು ಅವಳು ರೆಕಾರ್ಡಿನಂತೆಯೇ ನುಡಿಸುತ್ತಾಳೆ, ಆಮೇಲೆ ನಮಗೆ ಬಿಡುತ್ತಾಳೆ. ಬ್ಯಾಂಡಿನವರೇ ಇದನ್ನು ಎರಡು ಸಲ ಒಂದೇ ಥರ ನುಡಿಸಿಲ್ಲ. 1972ರ ಆಗಸ್ಟಿನಲ್ಲಿ ಜಪಾನಿನಲ್ಲಿ ರೆಕಾರ್ಡ್ ಆದ ಲೈವ್ ಆಲ್ಬಂ ಕೇಳಿದರೆ ಗೊತ್ತಾಗುತ್ತದೆ. ಸ್ಟುಡಿಯೋದ್ದು ಮೇಲೋ ಲೈವ್ ಮೇಲೋ ಅನ್ನುವ ಜಗಳ ನಮ್ಮಲ್ಲಿ ಪ್ರತಿ ಭಾನುವಾರ ಆಗುತ್ತದೆ. 'ಲೇಜಿ'ಗೆ ಲೈವ್, 'ಹೈವೇ ಸ್ಟಾರ್'ಗೆ ಸ್ಟುಡಿಯೋ. ನನ್ನ ತೀರ್ಪು ಅಷ್ಟೇ.

ಹೊಸದಾಗಿ ಕಲಿಯುವವರು ಯಾವುದರಿಂದ ಶುರು ಮಾಡಬೇಕು ಅಂತ ನನ್ನನ್ನು ಕೇಳುತ್ತಾರೆ. 'ಸ್ಮೋಕ್' ಅಂತ ಎಲ್ಲರೂ ಹೇಳುತ್ತಾರೆ. ನಾನು 'ಮೇಬಿ ಐಯಾಮ್ ಎ ಲಿಯೋ' ಅನ್ನುತ್ತೇನೆ. ನಿಧಾನದ ಹಾಡು, ಬೆರಳಿಗೆ ಕಷ್ಟವಿಲ್ಲ. ಆದರೆ ರಿಫ್ ಮೊದಲ ಪೆಟ್ಟಿನ ಮೇಲೆ ಎತ್ತುವುದಿಲ್ಲ. ಬೇಕೆಂದೇ ಹಾಗೆ ಮಾಡಿದೆ ಅಂತ ಗ್ಲೋವರ್ ಹೇಳಿದ್ದಾರೆ. ಕೈಯಲ್ಲಿ ತಾಳ ಹಾಕಿ, ಬಾಯಲ್ಲಿ ರಿಫ್ ಹೇಳಿ. ಕೈ ಮತ್ತು ಬಾಯಿ ಎರಡೂ ತಮ್ಮ ಪಾಡಿಗೆ ನಡೆಯುವವರೆಗೆ ಗಿಟಾರ್ ಗೋಡೆಗೆ ಒರಗಿಸಿಟ್ಟಿರಿ. ಗಿಟಾರ್ ಎಂಥದು ಇರಬೇಕು ಅಂತಲೂ ಕೇಳುತ್ತಾರೆ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಭಾಗ) ಇರುವ ಯಾವುದಾದರೂ ಎಲೆಕ್ಟ್ರಿಕ್ ಗಿಟಾರ್ ಆಗುತ್ತದೆ. ತಂತಿ ಮಾತ್ರ ಹೊಸದು ಹಾಕಿ.