ತಿಜೋರಿ ಸೇರಿದ ಟ್ಯಾಬ್ಲೆಟ್‌ಗೆ ಹೊಸ ಆಂಡ್ರಾಯ್ಡ್ ಹಾಕುವುದು ಹೇಗೆ?

2020ರಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ವಿಜಯಪುರದ ಎಷ್ಟೋ ಮನೆಗಳಿಗೆ ಮಕ್ಕಳ ನೆಪದಲ್ಲಿ ಟ್ಯಾಬ್ಲೆಟ್ ಬಂತು. ಮರುವರ್ಷ ಸರಕಾರಿ ಪದವಿ ಕಾಲೇಜಿನ ವಿದ್ಯಾರ್ಥಿಗಳಿಗೆ ಸರಕಾರವೇ ಹಂಚಿತು. ಅವುಗಳಲ್ಲಿ ಬಹಳಷ್ಟರ ಪರದೆ, ಸ್ಪೀಕರ್ ಇವತ್ತಿಗೂ ಚೆನ್ನಾಗಿವೆ. ಕೈಕೊಟ್ಟಿರುವುದು ಒಳಗಿನ ಆಂಡ್ರಾಯ್ಡ್. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಮೇಲೆ ಆ್ಯಪ್‌ಗಳು ಒಂದೊಂದಾಗಿ ದೂರ ಆಗುತ್ತವೆ. 2025ರ ಆಗಸ್ಟ್‌ನಲ್ಲಿ ಬಂದ ಕ್ರೋಮ್ 139ಕ್ಕೆ ಕನಿಷ್ಠ ಆಂಡ್ರಾಯ್ಡ್ 10 ಬೇಕು. ಅದಕ್ಕಿಂತ ಹಳೆಯ ಟ್ಯಾಬ್ಲೆಟ್‌ಗೆ ಕ್ರೋಮ್‌ನ ಹೊಸ ಆವೃತ್ತಿ ಸಿಗುವುದೇ ಇಲ್ಲ.

ಗಾಂಧಿ ಚೌಕದ ಸುತ್ತ ಯಾವ ಮೊಬೈಲ್ ಅಂಗಡಿಗೆ ಹೋದರೂ ಉತ್ತರ ಹೆಚ್ಚುಕಡಿಮೆ ಒಂದೇ: ‘ಇದರ ಜೋಡಿ ಯಾಕ ಬಡದಾಡ್ತೀರಿ ಸರ್, ಹೊಸಾದು ತಗೊಂಡ್ಬಿಡ್ರಿ.’ ಅವರ ಮಾತಿನಲ್ಲೂ ಅರ್ಥವಿದೆ. ಹಳೆಯ ಟ್ಯಾಬ್ಲೆಟ್‌ಗೆ ನಾವೇ ಹೊಸ ಆಂಡ್ರಾಯ್ಡ್ ಹಾಕಿಕೊಳ್ಳುವ ಉಪಾಯ ಒಂದಿದೆ, ಆದರೆ ಅದು ಎಲ್ಲ ಟ್ಯಾಬ್ಲೆಟ್‌ಗಳಿಗೂ ನಡೆಯುವುದಿಲ್ಲ. ನಡೆಯುವ ಮಾಡೆಲ್ ನಿಮ್ಮದಾಗಿದ್ದರೆ ಮಾತ್ರ ಒಂದು ರೂಪಾಯಿ ಖರ್ಚಿಲ್ಲದೆ ಇನ್ನೂ ಕೆಲವು ವರ್ಷ ಓಡಿಸಬಹುದು.

ಆಂಡ್ರಾಯ್ಡ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಅದನ್ನು ತೆಗೆದುಕೊಂಡು ಹಳೆಯ ಸಾಧನಗಳಿಗೆ ಹೊಂದಿಸಿ ಕೊಡುವ ಆಸಕ್ತರ ತಂಡಗಳಿವೆ. ಹೀಗೆ ಸಿದ್ಧವಾದ ಆವೃತ್ತಿಗೆ ಕಸ್ಟಮ್ ರಾಮ್ (ROM) ಅನ್ನುತ್ತಾರೆ. ಇವುಗಳಲ್ಲಿ ಹೆಚ್ಚು ನಂಬಬಹುದಾದದ್ದು ಲೀನಿಯೇಜ್ ಓಎಸ್. ಸಯಾನೋಜೆನ್‌ಮಾಡ್ ಎಂಬ ಹಳೆಯ ಕಸ್ಟಮ್ ರಾಮ್ 2016ರ ಕೊನೆಗೆ ಮುಚ್ಚಿದಾಗ ಅದರ ಬೇರಿನಿಂದ ಹುಟ್ಟಿದ್ದು ಇದು. ಇದರ ನಂಬರ್ ನೋಡಿ ಗೊಂದಲ ಬೇಡ. ಲೀನಿಯೇಜ್ 20 ಅಂದರೆ ಆಂಡ್ರಾಯ್ಡ್ 13, 21 ಅಂದರೆ 14, 22 ಅಂದರೆ 15.

ಮೊದಲು ಮಾಡೆಲ್ ನಂಬರ್

ಟ್ಯಾಬ್ಲೆಟ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಫೈಲ್ ಹಾಕುವ ಕೆಲಸ ಅರ್ಧ ಗಂಟೆಯದು. ಸರಿಯಾದ ಫೈಲ್ ಯಾವುದು ಎಂದು ಹುಡುಕುವುದಕ್ಕೆ ಒಂದು ಸಂಜೆ ಪೂರ್ತಿ ಹೋದರೂ ಅದು ದಂಡವಲ್ಲ. ಡಬ್ಬಿಯ ಮೇಲಿನ ಹೆಸರು ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಟ್ಯಾಬ್ಲೆಟ್’ ತೆರೆದು ಮಾಡೆಲ್ ನಂಬರನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುವುದು? ಸ್ಯಾಮ್‌ಸಂಗ್ ಟ್ಯಾಬ್ ಎಸ್6 ಲೈಟ್ ನೋಡಿ. 2020ರ ವೈಫೈ ಮಾಡೆಲ್ ಪಿ610, ಒಳಗಿರುವುದು ಎಕ್ಸಿನೋಸ್ ಚಿಪ್. 2022ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಪಿ613, ಒಳಗೆ ಸ್ನ್ಯಾಪ್‌ಡ್ರ್ಯಾಗನ್. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳು, ಒಳಗೆ ಸಂಬಂಧವೇ ಇಲ್ಲ. ಟ್ಯಾಬ್ ಎ7 ಮತ್ತು ಟ್ಯಾಬ್ ಎ7 ಲೈಟ್ ಕೂಡ ಹಾಗೇ. ಮೊದಲನೆಯದರಲ್ಲಿ ಸ್ನ್ಯಾಪ್‌ಡ್ರ್ಯಾಗನ್ 662, ಎರಡನೆಯದರಲ್ಲಿ ಮೀಡಿಯಾಟೆಕ್. ಒಂದರ ಫೈಲ್ ಇನ್ನೊಂದಕ್ಕೆ ಹಾಕಿದರೆ ಟ್ಯಾಬ್ಲೆಟ್ ಏಳದೇ ಹೋಗಬಹುದು.

ನಂಬರ್ ಸಿಕ್ಕ ಮೇಲೆ ಲೀನಿಯೇಜ್‌ನ ಅಧಿಕೃತ ಪಟ್ಟಿಯಲ್ಲಿ ಅದು ಇದೆಯೇ ನೋಡಿ. ನಮ್ಮಲ್ಲಿ ಹೆಚ್ಚು ಮಾರಾಟವಾದವುಗಳ ಪೈಕಿ ಟ್ಯಾಬ್ ಎ7 (2020), ಟ್ಯಾಬ್ ಎಸ್6 ಲೈಟ್‌ನ ಮೊದಲ ಮಾಡೆಲ್, ಟ್ಯಾಬ್ ಎಸ್5ಇ ಈ ಪಟ್ಟಿ ಸೇರಿದಂಥವು. ಎ7ಗೆ ಕಂಪನಿಯ ಅಪ್‌ಡೇಟ್ ಆಂಡ್ರಾಯ್ಡ್ 12ಕ್ಕೇ ನಿಂತಿತು. ಐದಾರು ಸಾವಿರದ ಅಗ್ಗದ ಟ್ಯಾಬ್ಲೆಟ್ ಆಗಿದ್ದರೆ ಬಹುತೇಕ ಇರುವುದಿಲ್ಲ. ಇಲ್ಲದಿದ್ದರೆ ಅಲ್ಲಿಗೇ ಬಿಡುವುದು ಜಾಣತನ. ‘ಯಾವ ಟ್ಯಾಬ್ಲೆಟ್‌ಗಾದರೂ ಆಂಡ್ರಾಯ್ಡ್ 15’ ಎಂದು ಲಿಂಕ್ ಕೊಡುವ ವಿಡಿಯೊಗಳ ಬೆನ್ನು ಹತ್ತಬೇಡಿ. ಆ ಫೈಲ್ ಒಳಗೆ ಏನು ತುರುಕಿದ್ದಾರೋ ಯಾರು ಬಲ್ಲರು?

ಏನು ಕಳೆದುಕೊಳ್ಳುತ್ತೀರಿ

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟ್ಯಾಬ್ಲೆಟ್‌ನಲ್ಲಿರುವ ಫೋಟೊ, ಫೈಲ್, ಆ್ಯಪ್ ಎಲ್ಲ ಅಳಿಸಿಹೋಗುತ್ತವೆ. ಸ್ಯಾಮ್‌ಸಂಗ್ ಆಗಿದ್ದರೆ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಫ್ಯೂಸ್ ಶಾಶ್ವತವಾಗಿ ಸುಡುತ್ತದೆ. ಆಮೇಲೆ ಕಂಪನಿಯ ಆಂಡ್ರಾಯ್ಡನ್ನೇ ವಾಪಸ್ ಹಾಕಿದರೂ ಸೆಕ್ಯೂರ್ ಫೋಲ್ಡರ್ ಮರಳುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳಲ್ಲಿ ಎಚ್‌ಡಿ ಗುಣಮಟ್ಟ ಹೋಗುವುದು ಸಾಮಾನ್ಯ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಓಡಬಹುದು, ಓಡದೆಯೂ ಇರಬಹುದು. ನನ್ನ ಅಭಿಪ್ರಾಯ ಕೇಳಿದರೆ, ಇಂಥ ಟ್ಯಾಬ್ಲೆಟ್‌ನಲ್ಲಿ ಹಣದ ವ್ಯವಹಾರವೇ ಬೇಡ. ಅದಕ್ಕೆ ಫೋನ್ ಇದೆಯಲ್ಲ? ಪಾಠ, ಪಿಡಿಎಫ್, ಯೂಟ್ಯೂಬ್, ದೀಕ್ಷಾ ಆ್ಯಪ್, ಮನೆಯ ಹಿರಿಯರಿಗೆ ಕನ್ನಡ ಪೇಪರ್: ಇಷ್ಟಕ್ಕೆ ಧಾರಾಳವಾಗಿ ಸಾಕು.

ಬ್ಯಾಟರಿ ನೋಡುವುದನ್ನೂ ಮರೆಯಬೇಡಿ. ನಮ್ಮ ಊರಿನ ಬೇಸಿಗೆ ಗೊತ್ತೇ ಇದೆ, ನಲವತ್ತು ಡಿಗ್ರಿ ಸುಲಭವಾಗಿ ದಾಟುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿಯೇ ವೈರಿ. ಟ್ಯಾಬ್ಲೆಟನ್ನು ಸಮತಟ್ಟಾದ ಟೇಬಲ್ ಮೇಲೆ ಮಲಗಿಸಿ. ಅಲುಗಾಡಿದರೆ ಅಥವಾ ಪರದೆಯ ಅಂಚು ಎದ್ದಿದ್ದರೆ ಬ್ಯಾಟರಿ ಉಬ್ಬಿದೆ ಎಂದು ಅನುಮಾನಿಸಬೇಕು. ಅದನ್ನು ಚಾರ್ಜ್‌ಗೆ ಹಾಕಬೇಡಿ, ಮೊದಲು ಬ್ಯಾಟರಿ ಬದಲಿಸಿ.

ತಯಾರಿ

ವಿಂಡೋಸ್ ಲ್ಯಾಪ್‌ಟಾಪ್, ಒಂದು ಒಳ್ಳೆಯ ಯುಎಸ್‌ಬಿ ಕೇಬಲ್, ಒಳ್ಳೆಯ ಇಂಟರ್‌ನೆಟ್ ಇರಲಿ. ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ಮೇಲು, ನಡುವೆ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಕೇಬಲ್ ಬರೀ ಚಾರ್ಜ್ ಮಾಡುವಂಥದ್ದಾಗಿದ್ದರೆ ಕಂಪ್ಯೂಟರ್‌ಗೆ ಟ್ಯಾಬ್ಲೆಟ್ ಕಾಣುವುದೇ ಇಲ್ಲ.

ನಿಮ್ಮ ಮಾಡೆಲ್‌ನ ಅಧಿಕೃತ ಪುಟದಿಂದ ಲೀನಿಯೇಜ್‌ನ ಜಿಪ್ ಫೈಲ್ ಮತ್ತು ಅದಕ್ಕೆ ಹೇಳಿರುವ ರಿಕವರಿ ಫೈಲ್ ಇಳಿಸಿಕೊಳ್ಳಿ. ರಿಕವರಿ ಅಂದರೆ ಆಂಡ್ರಾಯ್ಡ್ ಏಳದೆಯೇ ಡೇಟಾ ಅಳಿಸಲು, ಹೊಸ ಆಂಡ್ರಾಯ್ಡ್ ಹಾಕಲು ಇರುವ ಪುಟ್ಟ ವ್ಯವಸ್ಥೆ. ಗೂಗಲ್ ಪ್ಲೇಸ್ಟೋರ್ ಇದರ ಜೊತೆ ಬರುವುದಿಲ್ಲ. ಅದಕ್ಕೆ ಮೈಂಡ್‌ದಗ್ಯಾಪ್ಸ್ (ಚಿಕ್ಕದಾಗಿ ಗ್ಯಾಪ್ಸ್) ಎಂಬ ಇನ್ನೊಂದು ಜಿಪ್ ಬೇಕು. ಅದರ ಆಂಡ್ರಾಯ್ಡ್ ಆವೃತ್ತಿ ಮತ್ತು ಪ್ರೊಸೆಸರ್ ಬಗೆ ಎರಡೂ ಹೊಂದಬೇಕು. ಕಂಪ್ಯೂಟರ್‌ಗೆ ಸ್ಯಾಮ್‌ಸಂಗ್ ಯುಎಸ್‌ಬಿ ಡ್ರೈವರ್, ಎಡಿಬಿ (ಕಂಪ್ಯೂಟರ್‌ನಿಂದ ಟ್ಯಾಬ್ಲೆಟ್‌ಗೆ ಆದೇಶ, ಫೈಲ್ ಕಳಿಸುವ ತಂತ್ರಾಂಶ) ಮತ್ತು ಓಡಿನ್ (ಸ್ಯಾಮ್‌ಸಂಗ್ ಸಾಧನಕ್ಕೆ ರಿಕವರಿಯಂಥ ಫೈಲ್ ಹಾಕುವ ತಂತ್ರಾಂಶ) ಬೇಕು. ಡೌನ್‌ಲೋಡ್ ಪುಟದಲ್ಲಿ ಶಾ-256 ಎಂಬ ಉದ್ದನೆಯ ಸಂಖ್ಯೆ ಇರುತ್ತದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಕಮಾಂಡ್‌ನಿಂದ ನಿಮ್ಮ ಫೈಲ್‌ನ ಸಂಖ್ಯೆ ತೆಗೆದು ಹೋಲಿಸಿ ನೋಡಿ. ಒಂದು ಅಕ್ಷರ ಬೇರೆಯಾದರೂ ಮತ್ತೆ ಇಳಿಸಿ.

ಕಂಪನಿಯ ಕೊನೆಯ ಅಪ್‌ಡೇಟ್ ಬಾಕಿ ಇದ್ದರೆ ಮಾಡೆಲ್ ಪುಟ ಅದರ ಬಗ್ಗೆ ಏನು ಹೇಳುತ್ತದೆ ಎಂದು ಓದಿಕೊಳ್ಳಿ. ಕೆಲವು ಮಾಡೆಲ್‌ಗಳಿಗೆ ಇಂತಿಷ್ಟು ಹೊಸ ಫರ್ಮ್‌ವೇರ್ (ಕಂಪನಿ ಹಾಕಿಕೊಡುವ ಮೂಲ ತಂತ್ರಾಂಶ) ಇರಲೇಬೇಕು ಎಂಬ ಷರತ್ತು ಇರುತ್ತದೆ. ಟ್ಯಾಬ್ಲೆಟ್‌ನಲ್ಲಿರುವ ಗೂಗಲ್ ಮತ್ತು ಸ್ಯಾಮ್‌ಸಂಗ್ ಖಾತೆಗಳನ್ನು ತೆಗೆದುಹಾಕಿ. ಇದನ್ನು ಬಿಟ್ಟರೆ ಕಳ್ಳತನ ತಡೆಯುವ ಬೀಗ ನಿಮಗೇ ಅಡ್ಡ ಬರುತ್ತದೆ.

ಬೀಗ ತೆಗೆಯುವುದು

ಇಲ್ಲಿಂದ ಹೇಳುವುದು ಸ್ಯಾಮ್‌ಸಂಗ್ ಟ್ಯಾಬ್ಲೆಟ್‌ಗಳ ಕ್ರಮ. ಬೇರೆ ಕಂಪನಿಯದು ಬೇರೆ ಥರ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇರುವುದರಿಂದ ಮಾಡೆಲ್ ಪುಟವೇ ಕೊನೆಯ ಮಾತು.

‘ಅಬೌಟ್ ಟ್ಯಾಬ್ಲೆಟ್’ ಒಳಗಿನ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ ‘ಓಇಎಂ ಅನ್‌ಲಾಕಿಂಗ್’ ಆನ್ ಮಾಡಿ. ಟ್ಯಾಬ್ಲೆಟ್ ಆಫ್ ಮಾಡಿ. ವಾಲ್ಯೂಮ್‌ನ ಎರಡೂ ಬಟನ್ ಒತ್ತಿ ಹಿಡಿದುಕೊಂಡೇ ಕಂಪ್ಯೂಟರ್‌ಗೆ ಕೇಬಲ್ ಚುಚ್ಚಿ. ಎಚ್ಚರಿಕೆಯ ಪರದೆ ಬಂದಾಗ ವಾಲ್ಯೂಮ್ ಮೇಲಿನ ಬಟನ್ ಉದ್ದಕ್ಕೆ ಒತ್ತಿ ಹಿಡಿದರೆ ಬೂಟ್‌ಲೋಡರ್ (ಆನ್ ಮಾಡಿದಾಗ ಮೊದಲು ಓಡಿ ಆಂಡ್ರಾಯ್ಡನ್ನು ಎಬ್ಬಿಸುವ ತಂತ್ರಾಂಶ) ಬೀಗ ತೆಗೆಯಲು ಒಪ್ಪಿಗೆ ಕೇಳುತ್ತದೆ. ಒಪ್ಪಿದ ಕ್ಷಣವೇ ಡೇಟಾ ಎಲ್ಲ ಹೋಯಿತು ಎಂದು ತಿಳಿಯಿರಿ.

ಟ್ಯಾಬ್ಲೆಟ್ ಮತ್ತೆ ಶುರುವಾದ ಮೇಲೆ ವೈಫೈ ಜೋಡಿಸಿ, ಡೆವಲಪರ್ ಆಪ್ಷನ್ಸ್ ಮತ್ತೊಮ್ಮೆ ತೆರೆದು ನೋಡಿ. ಓಇಎಂ ಅನ್‌ಲಾಕಿಂಗ್ ಆನ್ ಆಗಿದ್ದು, ಬೂದು ಬಣ್ಣದಲ್ಲಿದ್ದರೆ ಬೀಗ ತೆಗೆದಿದೆ ಎಂದರ್ಥ. ಇನ್ನು ಮುಂದೆ ಆನ್ ಮಾಡಿದಾಗಲೆಲ್ಲ ಒಂದು ಎಚ್ಚರಿಕೆಯ ಪರದೆ ಬರುತ್ತದೆ. ಅದಕ್ಕೆ ಹೆದರಬೇಡಿ.

ರಿಕವರಿ, ಆಮೇಲೆ ಲೀನಿಯೇಜ್

ಟ್ಯಾಬ್ಲೆಟ್ ಆಫ್ ಮಾಡಿ, ಮತ್ತೆ ಅದೇ ಬಟನ್, ಕೇಬಲ್‌ನಿಂದ ಡೌನ್‌ಲೋಡ್ ಮೋಡ್‌ಗೆ, ಅಂದರೆ ಕಂಪ್ಯೂಟರ್‌ನಿಂದ ಫೈಲ್ ಹಾಕಿಸಿಕೊಳ್ಳುವ ಸ್ಥಿತಿಗೆ ಹೋಗಿ. ಈ ಸಲ ವಾಲ್ಯೂಮ್ ಮೇಲಿನ ಬಟನ್ ಒಮ್ಮೆ ಸುಮ್ನೆ ತಟ್ಟಿದರೆ ಸಾಕು. ಓಡಿನ್ ತೆರೆದು, ಮಾಡೆಲ್ ಪುಟ ಹೇಳಿದ ಜಾಗದಲ್ಲಿ ರಿಕವರಿ ಫೈಲ್ ಕೊಡಿ. ಸ್ಟಾರ್ಟ್ ಒತ್ತುವ ಮೊದಲು ಆಪ್ಷನ್ಸ್‌ನಲ್ಲಿ ‘ಆಟೊ ರೀಬೂಟ್’ ಗುರುತು ತೆಗೆಯಿರಿ. ತೆಗೆಯದಿದ್ದರೆ ಟ್ಯಾಬ್ಲೆಟ್ ತಾನೇ ಹಳೆಯ ಆಂಡ್ರಾಯ್ಡ್‌ಗೆ ಎದ್ದು, ನೀವು ಹಾಕಿದ ರಿಕವರಿ ಅಳಿಸಿ ತನ್ನದನ್ನೇ ಕೂರಿಸಿಬಿಡಬಹುದು. ‘ಎಲ್ಲ ಸರಿ ಮಾಡಿದೆ, ಆದರೂ ಬರ್ತಿಲ್ಲ’ ಎನ್ನುವವರು ಹೆಚ್ಚಾಗಿ ಎಡವುವುದು ಇಲ್ಲಿ.

‘ಪಾಸ್’ ಎಂದು ಬಂದ ಮೇಲೆ ವಾಲ್ಯೂಮ್ ಕೆಳಗಿನ ಬಟನ್ ಮತ್ತು ಪವರ್ ಒಟ್ಟಿಗೆ ಹಿಡಿಯಿರಿ. ಪರದೆ ಕಪ್ಪಾದ ತಕ್ಷಣ ಬೆರಳು ಬದಲಿಸಿ ವಾಲ್ಯೂಮ್ ಮೇಲಿನ ಬಟನ್ ಮತ್ತು ಪವರ್ ಹಿಡಿಯಿರಿ. ಕೇಬಲ್ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇರಲಿ. ಆಂಡ್ರಾಯ್ಡ್ 11 ಮತ್ತು ಅದರ ಮೇಲಿನ ಸ್ಯಾಮ್‌ಸಂಗ್‌ಗಳಲ್ಲಿ ಕೇಬಲ್ ಇಲ್ಲದಿದ್ದರೆ ರಿಕವರಿ ತೆರೆಯುವುದಿಲ್ಲ. ಮೊದಲ ಯತ್ನಕ್ಕೆ ಬರದಿದ್ದರೆ ಬೇಸರ ಬೇಡ, ಕೈಗೆ ಅಭ್ಯಾಸ ಆಗಬೇಕು ಅಷ್ಟೇ.

ರಿಕವರಿಯಲ್ಲಿ ‘ಫ್ಯಾಕ್ಟರಿ ರೀಸೆಟ್’ ಆರಿಸಿ, ಡೇಟಾ ಫಾರ್ಮ್ಯಾಟ್ ಮಾಡಿ. ನಂತರ ‘ಅಪ್ಲೈ ಅಪ್‌ಡೇಟ್’, ಅದರೊಳಗೆ ‘ಅಪ್ಲೈ ಫ್ರಮ್ ಎಡಿಬಿ’. ಕಂಪ್ಯೂಟರ್‌ನ ಕಮಾಂಡ್ ಕಿಟಕಿಯಲ್ಲಿ ಎಡಿಬಿ ಸೈಡ್‌ಲೋಡ್ ಎಂದು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ, ಎರಡು ಪದ ಬಿಡಿಸಿ ಟೈಪ್ ಮಾಡಿ, ಮುಂದೆ ಜಿಪ್ ಫೈಲ್‌ನ ಹೆಸರು ಕೊಟ್ಟು ಎಂಟರ್ ಒತ್ತಿ. ಶೇಕಡಾವಾರು ಲೆಕ್ಕ ಏರುತ್ತ ಹೋಗಿ ಕೆಲವೊಮ್ಮೆ 47ಕ್ಕೇ ನಿಂತುಬಿಡುತ್ತದೆ. ಎದೆ ಧಸಕ್ ಎನ್ನುವುದು ಸಹಜ, ಆದರೆ ಕೇಬಲ್ ಕೀಳಬೇಡಿ. 47ರಲ್ಲಿ ನಿಂತರೂ ಕೆಲಸ ಮುಗಿದಿರಬಹುದು. ಟ್ಯಾಬ್ಲೆಟ್ ಪರದೆಯಲ್ಲಿ ಏನು ಬಂದಿದೆ ನೋಡಿ.

ಈಗ ‘ರೀಬೂಟ್ ಸಿಸ್ಟಮ್’ ಒತ್ತುವ ಆತುರ ಜಾಸ್ತಿ ಇರುತ್ತದೆ ಅಲ್ವಾ? ತಡೆಯಿರಿ. ಪ್ಲೇಸ್ಟೋರ್ ಬೇಕಿದ್ದರೆ ಅದನ್ನು ಮೊದಲ ಬೂಟ್‌ಗೆ, ಅಂದರೆ ಲೀನಿಯೇಜ್ ಮೊದಲ ಸಲ ಏಳುವುದಕ್ಕೆ ಮುಂಚೆಯೇ ಹಾಕಬೇಕು. ಆಮೇಲೆ ಹಾಕಿದರೆ ಕಿರಿಕಿರಿ. ಆಡ್‌ಆನ್ (ಗ್ಯಾಪ್ಸ್‌ನಂಥ ಹೆಚ್ಚುವರಿ ಜಿಪ್) ಹಾಕಲು ರಿಕವರಿಗೆ ರೀಬೂಟ್ ಮಾಡಬೇಕೇ ಎಂದು ಕೇಳಿದರೆ ಹೌದು ಅನ್ನಿ. ಮತ್ತೆ ಸೈಡ್‌ಲೋಡ್ ಮಾಡಿ ಗ್ಯಾಪ್ಸ್ ಫೈಲ್ ಕೊಡಿ. ಸಹಿ ಹೊಂದುತ್ತಿಲ್ಲ ಎಂಬ ತಕರಾರು ಬರುತ್ತದೆ. ಗ್ಯಾಪ್ಸ್‌ಗೆ ಲೀನಿಯೇಜ್ ತಂಡದ ಸಹಿ ಇರುವುದಿಲ್ಲ, ಹಾಗಾಗಿ ಇಲ್ಲಿ ‘ಯೆಸ್’ ಒತ್ತಬಹುದು.

ಮೊದಲ ಬೂಟ್‌ಗೆ ಹದಿನೈದು ನಿಮಿಷದವರೆಗೂ ಹಿಡಿಯಬಹುದು. ಒಂದು ಚಹಾ ಆಗಲಿ. ಅದಕ್ಕಿಂತ ತುಂಬಾ ಹೆಚ್ಚಾದರೆ ರಿಕವರಿಗೆ ವಾಪಸ್ ಹೋಗಿ, ಫಾರ್ಮ್ಯಾಟ್‌ನಿಂದ ಹಿಡಿದು ಮತ್ತೆ ಮಾಡಿ. ಡೇಟಾ ಫಾರ್ಮ್ಯಾಟ್ ಬಿಟ್ಟಿರುವುದು ಇದಕ್ಕೆ ಸಾಮಾನ್ಯ ಕಾರಣ.

ಎದ್ದ ಮೇಲೆ

ವೈಫೈ, ಕ್ಯಾಮೆರಾ, ಸ್ಪೀಕರ್, ಪರದೆ ತಿರುಗುವುದು, ಚಾರ್ಜಿಂಗ್: ಎಲ್ಲ ಒಮ್ಮೆ ಪರೀಕ್ಷಿಸಿ. ಭಾಷೆಯಲ್ಲಿ ಕನ್ನಡ ಆರಿಸಿದರೆ ಮೆನುಗಳೂ ಕನ್ನಡದಲ್ಲಿ ಬರುತ್ತವೆ, ಕೀಬೋರ್ಡ್‌ನಲ್ಲೂ ಕನ್ನಡ ಸೇರಿಸಿಕೊಳ್ಳಬಹುದು. ಎ7ನಂಥ 3 ಜಿಬಿ ರ್‍ಯಾಮ್‌ನ ಟ್ಯಾಬ್ಲೆಟ್‌ಗೆ ಹತ್ತಿಪ್ಪತ್ತು ಆ್ಯಪ್ ಹೇರಬೇಡಿ. ಹೊಸ ಆಂಡ್ರಾಯ್ಡ್ ಬಂದರೂ ಚಿಪ್ ಹಳೆಯದೇ.

ಅಪ್‌ಡೇಟ್‌ಗೆ ಕಂಪ್ಯೂಟರ್ ಬೇಕಿಲ್ಲ, ಸೆಟ್ಟಿಂಗ್ಸ್ ಒಳಗಿನ ಅಪ್‌ಡೇಟರ್‌ನಲ್ಲೇ ಬರುತ್ತದೆ. ಆದರೆ 21ರಿಂದ 22ಕ್ಕೆ ಹೋಗುವಂಥ ದೊಡ್ಡ ಜಿಗಿತಕ್ಕೆ ಮತ್ತೆ ಕೇಬಲ್ ಹಿಡಿದು ಲೀನಿಯೇಜ್, ಗ್ಯಾಪ್ಸ್ ಎರಡನ್ನೂ ಸೈಡ್‌ಲೋಡ್ ಮಾಡಬೇಕು. ಒಗ್ಗದಿದ್ದರೆ ಅದೇ ಮಾಡೆಲ್ ನಂಬರಿನ ಕಂಪನಿ ಫರ್ಮ್‌ವೇರನ್ನು ಓಡಿನ್‌ನಿಂದ ವಾಪಸ್ ಹಾಕಬಹುದು. ಆಗ ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕುವ ಆಲೋಚನೆ ಇದ್ದರೆ, ಕಂಪನಿಯ ಆಂಡ್ರಾಯ್ಡ್ ಪೂರ್ತಿ ಎದ್ದು ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆ ಹಾಕಿ. ಲೀನಿಯೇಜ್ ಇರುವಾಗಲೇ ಬೀಗ ಹಾಕಿದರೆ ಟ್ಯಾಬ್ಲೆಟ್ ಮೇಲೇಳುವುದಿಲ್ಲ.